ಭಾವ ತಂದ ಸ್ಪ್ಯಾನರುಗಳು

ಬಸ್ ಡಿಪೋದ ಉಗ್ರಾಣದಲ್ಲಿ ಹದಿನೇಳು ವರ್ಷ ಕೂತವಳನ್ನು ಎಲ್ಲರೂ ಸ್ಟೋರಮ್ಮ ಎಂದೇ ಕರೆಯುತ್ತಿದ್ದರು. ಕಬ್ಬಿಣದ ಜಾಲರಿಯ ಹಿಂದಿನಿಂದ ಮೆಕ್ಯಾನಿಕ್‌ಗಳಿಗೆ ಉಪಕರಣ ಕೊಡುವುದು, ಸಂಜೆ ಎಣಿಸಿ ವಾಪಸು ಇಡುವುದು ಅವಳ ಕೆಲಸ. ಗ್ರೀಸ್ ಒರೆಸದೆ ತಂದವನಿಗೆ ಮಂಗಳಾರತಿ ತಪ್ಪಿದ್ದಲ್ಲ.

ಅದಕ್ಕೂ ಮುಂಚೆ ಅವಳು ಬ್ರೇಕ್ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದಳು. ಅಲ್ಲಿನ ಮೇಲಾಳು ಅವಳ ಅಕ್ಕನ ಗಂಡ. ಒಂದು ಬೆಳಿಗ್ಗೆ ಅವಳು ತಿಂಡಿಗೆ ಹೋಗಿದ್ದಾಗ ಭಾವ ಅವಸರ ತಡೆಯಲಾರದೆ ಅವಳ ಬಸ್ಸಿನಡಿಗೆ ತಾನೇ ನುಸುಳಿ, ಬ್ರೇಕ್ ಪೈಪಿನ ನಟ್ಟನ್ನು ಬಾಯಿ ತೆರೆದ ಸಾದಾ ಸ್ಪ್ಯಾನರಿನಿಂದ ಎಳೆದಾಡಿ, ಮೂಲೆ ಸವೆಸಿ, ಹಾಗೇ ಕೂರಿಸಿದ್ದ. ಎರಡು ದಿನದಲ್ಲಿ ಬ್ರೇಕ್ ಎಣ್ಣೆ ಸೋರಿ ಆ ಬಸ್ಸು ಡಿಪೋದ ಗೇಟಿಗೇ ಗುದ್ದಿತು. ಕಾವಲುಗಾರನ ಕಾಲು ಮುರಿಯಿತು. ವರದಿಯಲ್ಲಿ ಭಾವ ಬರೆದದ್ದು ನಾದಿನಿಯ ಹೆಸರು.

ನಟ್ಟು ನೋಡಿದ ಕೂಡಲೇ ಅವಳಿಗೆ ಅದು ಯಾರ ಕೆಲಸ ಎಂದು ಗೊತ್ತಾಗಿತ್ತು. ಬ್ರೇಕ್ ಮತ್ತು ಡೀಸೆಲ್ ಪೈಪಿನ ನಟ್ಟುಗಳು ಮೆತ್ತಗಿನವು. ನಡುವೆ ಪೈಪು ಹಾದಿರುವುದರಿಂದ ರಿಂಗ್ ಸ್ಪ್ಯಾನರ್ ಅವುಗಳ ಮೇಲೆ ಇಳಿಯುವುದಿಲ್ಲ. ಅದಕ್ಕೆಂದೇ ಉಂಗುರದ ಒಂದು ಕಡೆ ಸೀಳಿದ ಪೈಪ್ ಸ್ಪ್ಯಾನರ್ ಇದೆ. ಸೀಳಿನಲ್ಲಿ ಪೈಪನ್ನು ದಾಟಿಸಿ ಜಾರಿಸಿದರೆ ನಟ್ಟನ್ನು ಸುತ್ತಲೂ ಕಚ್ಚಿ ಹಿಡಿಯುತ್ತದೆ. ಅವಳು ಬಳಸುತ್ತಿದ್ದುದು ಅದನ್ನೇ. ಆ ನಟ್ಟಿನಲ್ಲಾದರೋ ಎದುರುಬದುರಿನ ಎರಡೇ ಮೂಲೆ ಸವೆದಿದ್ದವು. ಅದು ಎರಡೇ ಕಡೆ ಹಿಡಿಯುವ ಸಾದಾ ಸ್ಪ್ಯಾನರಿನ ಗುರುತು, ಅಂಥ ಅವಸರದ ಕೈ ಆ ವಿಭಾಗದಲ್ಲಿ ಭಾವನದೊಂದೇ.

ಬಾಯಿಬಿಡುವ ಮೊದಲೇ ಅಕ್ಕ ಓಡಿಬಂದಿದ್ದಳು. "ನಿನ್ನನ್ನಾದ್ರೆ ಸ್ಟೋರಿಗೆ ಹಾಕ್ತಾರೆ ಅಷ್ಟೆ. ಅವರ ಕೆಲಸಾನೇ ಹೋಗತ್ತೆ ಕಣೇ."

ಅವಳು ಸುಮ್ಮನಾದಳು. ಅದನ್ನು ತ್ಯಾಗವೆಂದು ಅವಳು ಯಾವತ್ತೂ ಹೇಳಿಕೊಳ್ಳಲಿಲ್ಲ. ಪೆದ್ದತನ ಎಂದೇ ಕರೆದಳು. ಭಾವನ ಮೇಲಿನ ಹಗೆಯನ್ನು ಮಾತ್ರ ಉಗ್ರಾಣದ ಉಪಕರಣಗಳ ಹಾಗೆ ತುಕ್ಕು ಹಿಡಿಯದಂತೆ ನೋಡಿಕೊಂಡಳು.

ಈಗ ಡಿಪೋಗೆ ಹೊಸ ಪೈಪ್ ಸ್ಪ್ಯಾನರುಗಳು ಬೇಕಾಗಿದ್ದವು. ಆರಿಸುವ ಕೆಲಸವನ್ನು ಮ್ಯಾನೇಜರು ಅವಳಿಗೇ ವಹಿಸಿದರು. ಮೂರು ಕಂಪನಿಗಳಿಂದ ಮಾದರಿ ಬಂದವು. ಒಂದನ್ನು ಜೋರಾಗಿ ಎಳೆದರೆ ಬಾಯಿ ಅಗಲಿಸಿತು. ಇನ್ನೊಂದು ದಪ್ಪನೆಯದು, ಇಕ್ಕಟ್ಟಿನೊಳಗೆ ಹೋಗಲೊಲ್ಲದು. ಮೂರನೆಯದು ಚೆನ್ನಾಗಿತ್ತು. ತೆಳುವಾದರೂ ಗಟ್ಟಿ, ಹಿಡಿತದಲ್ಲಿ ಕೂದಲೆಳೆಯಷ್ಟೂ ಸಡಿಲವಿಲ್ಲ. ಜೊತೆಗಿದ್ದ ಚೀಟಿ ಓದಿದಾಗ ಅವಳಿಗೆ ಮೈ ಉರಿಯಿತು. ಅದನ್ನು ತೋರಿಸಲು ಬರುವ ಪ್ರತಿನಿಧಿ, ನಿವೃತ್ತನಾದ ಮೇಲೆ ಆ ಕಂಪನಿ ಸೇರಿದ್ದ ಭಾವ.

ಕೆಟ್ಟದ್ದೆಂದು ಬರೆದುಬಿಡಲು ಒಂದು ಗಳಿಗೆ ಕೈ ತುರಿಸಿತು. ಹಾಗೆ ಬರೆದರೆ ಭಾವನಿಗೂ ತನಗೂ ಏನು ವ್ಯತ್ಯಾಸ? ಸುಳ್ಳಿನ ಅಗತ್ಯವೇ ಇರಲಿಲ್ಲ. ಅವನ ಕೈ ಎಂಥದೆಂದು ಅವಳಿಗೆ ಗೊತ್ತಿತ್ತು.

ಗುಜರಿಗೆ ಹೋಗಬೇಕಿದ್ದ ಬಸ್ಸಿನಿಂದ, ಎರಡೂ ತುದಿಯಲ್ಲಿ ತುಕ್ಕು ಹಿಡಿದ ನಟ್ಟಿದ್ದ ಬ್ರೇಕ್ ಪೈಪೊಂದನ್ನು ಕೂಡುಭಾಗಗಳ ಸಮೇತ ಬಿಚ್ಚಿಸಿ ತಂದು ಮೇಜಿನ ಮೇಲಿನ ವೈಸ್ ಇಕ್ಕಳಕ್ಕೆ ಕಚ್ಚಿಸಿದಳು. ಪಕ್ಕದಲ್ಲಿ, ಬೇಕೆಂದೇ, ಒಂದು ಸಾದಾ ಸ್ಪ್ಯಾನರ್ ಇಟ್ಟಳು.

ಭಾವ ಇಸ್ತ್ರಿ ಅಂಗಿಯಲ್ಲಿ ಬಂದ. "ಏನಮ್ಮಾ, ಇನ್ನೂ ಜಾಲರಿ ಒಳಗೇ ಇದ್ದೀಯಾ?"

"ನೀವು ಕೂರಿಸಿದ ಜಾಗ ಅಲ್ವಾ ಭಾವ, ಗಟ್ಟಿಯಾಗಿದೆ."

"ಇನ್ನೂ ಅದೇ ಬಾಯಿ! ಹೋಗ್ಲಿ, ಆರಿಸೋಳು ನಮ್ಮನೆ ಹುಡುಗಿ ಅಂದ್ಮೇಲೆ ಪರೀಕ್ಷೆ ಯಾಕೆ? ಸಹಿ ಹಾಕಿ ಮುಗಿಸು."

"ಹುಡುಗಿಗೆ ಐವತ್ತೇಳಾಯ್ತು. ಪರೀಕ್ಷೆ ಆಗ್ಲೇಬೇಕು, ಎಲ್ಲರ ಎದುರಿಗೆ."

ಮ್ಯಾನೇಜರು ಬಂದರು. ಬ್ರೇಕ್ ವಿಭಾಗದವರೆಲ್ಲ ಸುತ್ತ ನಿಂತರು. ಅವಳು ಎರಡೂ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, "ಕಾಲು ಗಂಟೆ ನೆನೀಬೇಕು," ಎಂದಳು.

"ನನಗೇ ಹೇಳಿಕೊಡ್ತೀಯಾ? ನೀನು ಸ್ಪ್ಯಾನರ್ ಹಿಡಿಯೋಕೆ ಕಲಿತಿದ್ದೇ ನನ್ನ ಹತ್ರ."

"ಸರಿ ಭಾವ. ನಿಮ್ಮಿಷ್ಟ."

ಭಾವ ತನ್ನ ಸ್ಪ್ಯಾನರ್ ತೊಡಿಸಿ ಎಳೆದ. ನಟ್ಟು ಮಿಸುಕಲಿಲ್ಲ. ಇನ್ನಷ್ಟು ಎಳೆದರೆ ಮಾದರಿಯ ಬಾಯಿ ಎಲ್ಲಿ ಅಗಲಿಸೀತೋ ಎಂಬ ಭಯ ಅವನ ಮುಖದಲ್ಲಿ ಕಂಡಿತು. ಅಷ್ಟು ಜನರೆದುರು ಕಾಯುವ ತಾಳ್ಮೆಯಂತೂ ಇಲ್ಲ. "ಮೊದಲು ಸ್ವಲ್ಪ ಅಲುಗಿಸಿಬಿಡೋಣ," ಎನ್ನುತ್ತ ಸಾದಾ ಸ್ಪ್ಯಾನರ್ ಎತ್ತಿಕೊಂಡು, ಹಿಡಿಯ ಮೇಲೆ ಅಂಗೈಯಿಂದ ಜಜ್ಜಿದ. ಕರಕ್ಕೆಂದು ಜಾರಿತು. ಇನ್ನೊಮ್ಮೆ ಹಾಕಿದ. ಮತ್ತೆ ಜಾರಿತು.

ಮ್ಯಾನೇಜರು ಬಗ್ಗಿ ನೋಡಿದರು. "ಎರಡು ಮೂಲೆ ಹೋಗಿಬಿಡ್ತಲ್ರೀ."

"ಎದುರುಬದುರು," ಎಂದಳು ಅವಳು. "ಗೇಟಿಗೆ ಗುದ್ದಿದ ಬಸ್ಸಿನ ನಟ್ಟೂ ಹೀಗೇ ಸವೆದಿತ್ತು. ಹಳಬರು ನೋಡಿದ್ದಾರೆ."

ಹಿರಿಯ ಮೆಕ್ಯಾನಿಕ್ ಒಬ್ಬ ಭಾವನನ್ನೇ ನೋಡುತ್ತ, "ಅಂತೂ ಅದೂ ಈ ಕೈಯ ಕೆಲಸಾನಾ!" ಎಂದ. ಯಾರೋ ಕಿಸಕ್ಕನೆ ನಕ್ಕರು. ಭಾವನ ಕಿವಿಯವರೆಗೂ ಕೆಂಪೇರಿತು.

"ಬೇಕಂತಲೇ ಮಾಡ್ದೆ ನೀನು," ಎಂದ, ಹಲ್ಲು ಕಚ್ಚಿ.

"ಹೌದು," ಎಂದಳು.

ಕಾಲು ಗಂಟೆ ತುಂಬುವವರೆಗೆ ಗಡಿಯಾರ ನೋಡುತ್ತ ನಿಂತಳು, ಭಾವನನ್ನೂ ನಿಲ್ಲಿಸಿಕೊಂಡಳು. ಆಮೇಲೆ ಅವನದೇ ಪೈಪ್ ಸ್ಪ್ಯಾನರ್ ತೆಗೆದುಕೊಂಡು ಇನ್ನೊಂದು ತುದಿಯ ನಟ್ಟಿಗೆ ತೊಡಿಸಿ, ಒಂದೇ ಹದದಲ್ಲಿ ಎಳೆದಳು. ನಟ್ಟು ತಿರುಗಿತು. ಆರು ಮೂಲೆಯೂ ಹಾಗೇ ಇದ್ದವು.

"ಸ್ಪ್ಯಾನರ್ ಒಳ್ಳೇದು ಸರ್, ತಗೊಳ್ಳಿ," ಎಂದಳು ಮ್ಯಾನೇಜರಿಗೆ. "ಕಂಪನಿಯವರಿಗೆ ಒಂದು ಮಾತು ಬರೀರಿ. ಇನ್ಮೇಲೆ ತೋರಿಸೋಕೆ ಕೆಲಸ ಗೊತ್ತಿರೋರನ್ನ ಕಳಿಸಲಿ. ಇವತ್ತು ಇಲ್ಲಿ ನಡೆದದ್ದನ್ನೂ ಅದರಲ್ಲೇ ಬರೀರಿ."

ಮ್ಯಾನೇಜರು ಅವಳ ಮುಖ ನೋಡಿದರು, ನಟ್ಟು ನೋಡಿದರು. ಬರೆದರು.

ಮೂರನೇ ದಿನ ಅಕ್ಕ ಮನೆಗೆ ಬಂದಳು, ಕೂರಲೂ ಇಲ್ಲ. "ಕಂಪನಿಯೋರು ನಾಳೆಯಿಂದ ಬರಬೇಡಿ ಅಂದ್ರಂತೆ. ಈ ವಯಸ್ಸಲ್ಲಿ ಅವರ ಮಾನ ಹರಾಜು ಹಾಕಿಬಿಟ್ಟೆ. ತೃಪ್ತಿ ಆಯ್ತಾ ನಿನಗೆ?"

ಅಕ್ಕ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕೆಂದು ಅವಳು ಒಂದು ಕ್ಷಣ ಯೋಚಿಸಿದಳು.

"ಆಯ್ತು ಅಕ್ಕ," ಎಂದಳು. "ಕೂತ್ಕೋ, ಕಾಫಿ ಮಾಡ್ತೀನಿ."

ಅಕ್ಕ ಕೂರಲಿಲ್ಲ. ಅವಳು ಒಂದೇ ಲೋಟ ಕಾಫಿ ಮಾಡಿಕೊಂಡು, ಬಿಸಿ ಆರುವ ಮುಂಚೆ ಪೂರ್ತಿ ಕುಡಿದಳು.