ರಾರಾವಿಯಿಂದ ಹೊರಡಲಾರದ ಮಷಿನ್

ಮಷಿನ್ ಕಣ್ಣೆದುರು ಸುಮ್ಮನೆ ನಿಂತಿದ್ದರೂ ಕಂಪ್ಯೂಟರ್ ‘ಖಾಲಿ ಇಲ್ಲ’ ಎಂದು ಹಟ ಹಿಡಿದದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ.

ಬಳ್ಳಾರಿಯಲ್ಲಿ ಕೂತು ಸಣ್ಣಪುಟ್ಟ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಕುರುಗೋಡಿನ ಸಾಹುಕಾರರೊಬ್ಬರು ಭತ್ತ ಕೊಯ್ಯುವ ಮಷಿನ್‌ಗಳನ್ನು ಸಿರುಗುಪ್ಪ ಕಡೆ ಬಾಡಿಗೆಗೆ ಬಿಡುತ್ತಾರೆ. ಅವರ ಹಳೆಯ ಬುಕಿಂಗ್ ವ್ಯವಸ್ಥೆಯಲ್ಲಿ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಇಡುವ ಸೂಚಿ, ಇದ್ದದ್ದು ಶುರುವಿನ ತಾರೀಖಿಗೆ ಮಾತ್ರ, ಹುಡುಕುತ್ತಿದ್ದದ್ದೂ ಅದನ್ನೇ. ಸೋಮವಾರ ಗದ್ದೆಗಿಳಿದ ಮಷಿನ್ ಬುಧವಾರವೂ ಅಲ್ಲೇ ಇರುವುದು ಅದಕ್ಕೆ ಕಾಣುತ್ತಿರಲಿಲ್ಲ. ಒಂದೇ ಮಷಿನ್ನಿಗೆ ಇಬ್ಬರು ರೈತರು ಬಡಿದಾಡುವುದು ಮಾಮೂಲಾಗಿತ್ತು.

ನಾನು ಶುರು, ಕೊನೆ ಎರಡನ್ನೂ ಸೇರಿಸಿ ಒಂದೇ ಅವಧಿಯಾಗಿ, ಅಂದರೆ ರೇಂಜ್ ಆಗಿ ಇಟ್ಟೆ. ಅದಕ್ಕೆ ಬೇರೆಯದೇ ಇಂಡೆಕ್ಸ್ ಬೇಕು. ಒಂದೇ ಮಷಿನ್ನಿನ ಒಂದು ಅವಧಿ ಇನ್ನೊಂದರ ಮೇಲೆ ಬೀಳುತ್ತದೆಯೇ ಎಂದು ಅದು ತಟ್ಟನೆ ಹೇಳುತ್ತದೆ. ಬಿದ್ದರೆ ಬುಕಿಂಗ್ ಸೇರಿಸಿಕೊಳ್ಳಬೇಡ ಎಂದು ಡೇಟಾಬೇಸಿಗೆ ಕಟ್ಟಪ್ಪಣೆ ಮಾಡಿದೆ. ಜಗಳ ನಿಂತಿತು.

ಆಮೇಲೊಂದು ದಿನ ಹಚ್ಚೊಳ್ಳಿಯಿಂದ ಒಬ್ಬ ರೈತ ಹೆಂಗಸಿನ ಫೋನ್. ಸಾಹುಕಾರರೇ ನನ್ನ ನಂಬರ್ ಕೊಟ್ಟು ಕೈತೊಳೆದುಕೊಂಡಿದ್ದರು.

“ಅಣ್ಣಾರ, ಭತ್ತ ಹಣ್ಣಾಗಿ ಬಾಗೈತಿ, ಮ್ಯಾಲ ಮಾಡ ಹಾಕೈತಿ. ನಿಮ್ಮ ಕಂಪ್ಯೂಟರ್ ಮಷಿನ್ ಇಲ್ಲ ಅಂತೈತಂತ. ರಾರಾವ್ಯಾಗ ಅದು ಸುಮ್ನ ನಿಂತೈತಿ, ನಮ್ಮ ಮೈದುನ ನೋಡಿ ಬಂದಾನ!”

ಮಳೆ ಹೊಡೆದರೆ ಪೈರು ನೆಲಕ್ಕೆ ಮಲಗುತ್ತದೆ. ಮಲಗಿದ್ದನ್ನು ಮಷಿನ್ ಸರಿಯಾಗಿ ಎತ್ತುವುದಿಲ್ಲ. ಉಳಿದ ಮಷಿನ್‌ಗಳೆಲ್ಲ ದುಡಿಯುತ್ತಿದ್ದವು. ರಾರಾವಿಯ ಬುಕಿಂಗ್ ತೆಗೆದು ನೋಡಿದರೆ ಕೊನೆಯ ತಾರೀಖೇ ಇಲ್ಲ. ಸಾಹುಕಾರರಿಗೆ ಫೋನ್ ಹಚ್ಚಿದೆ.

“ಕೊನೀ ತಾರೀಖು ಯಾಕ ಹಾಕಿಲ್ರಿ?”

“ಒಮ್ಮಿ ಮಷಿನ್ ಇಳಿಸಿದ್ರ ಮುಗಿಯೋ ತನಕ ಅಲ್ಲೇ, ನಮ್ಮ ಕಡಿ ಪದ್ಧತಿ ಅದ ಐತ್ರಿ ಸರ. ಕೆಸರಿದ್ರ ತಡ ಆಗತೈತಿ. ಮುಗಿಯೋ ತಾರೀಖು ಮೊದ್ಲ ಹೇಳಾಕ ನಾನೇನು ಜೋಯಿಸನ?”

“ಖಾಲಿ ಬಿಟ್ರ ಅದಕ್ಕ ಕೊನೀನ ಇಲ್ಲ ಅಂತ ಅರ್ಥ ಸಾವ್ಕಾರ್ರ. ಲೆಕ್ಕದ ಪ್ರಕಾರ ನಿಮ್ಮ ಮಷಿನ್ ಪ್ರಳಯದ ತನಕ ರಾರಾವ್ಯಾಗ ಇರತೈತಿ.”

“ಹಂಗಾದ್ರ ಅಲ್ಲೇ ಒಂದು ಮನಿ ಕಟ್ಟಿಸಿಕೊಡ್ರಿ ಅದಕ್ಕ!”

ರಾರಾವಿಯ ಕೊಯ್ಲು ಮುಗಿದ ದಿನ ಕೇಳಿಕೊಂಡು ನಾನು ಕೊನೆಯ ತಾರೀಖು ತುಂಬಿದ ಕೂಡಲೇ ಮಷಿನ್ ಖಾಲಿ ಎಂದು ತೋರಿಸಿತು. ಅವತ್ತೇ ಹಚ್ಚೊಳ್ಳಿಗೆ ಹೊರಟಿತು. ಈಗ ಅಂದಾಜಿನ ತಾರೀಖು ಹಾಕದೆ ಬುಕಿಂಗ್ ಮುಂದೆ ಹೋಗುವುದಿಲ್ಲ. ಕೆಲಸ ಮುಗಿದಾಗ ಡ್ರೈವರ್ ಮೊಬೈಲಿನಲ್ಲಿ ಒತ್ತಿದರೆ ಅವಧಿ ಅಲ್ಲಿಗೇ ತುಂಡಾಗುತ್ತದೆ.

ಆ ಹೆಂಗಸು ಮತ್ತೆ ಫೋನ್ ಮಾಡಿದ್ದರು. ಮಷಿನ್ ಬರುವಷ್ಟರಲ್ಲಿ ಮಳೆ ಒಂದು ಸಲ ಹೊಡೆದು ಹೋಗಿತ್ತಂತೆ.

“ಮುಕ್ಕಾಲು ಮನಿಗೆ ಬಂತು ಅಣ್ಣಾರ. ಕಾಲುವಿ ಬಾಜೂದ್ದು ನಿಮ್ಮ ಕಂಪ್ಯೂಟರ್ ತಿಂತು.”

ನಿಮ್ಮೂರಿನ ಯಾವ ರೂಢಿ ಕಂಪ್ಯೂಟರಿಗೆ ತಿಳಿಯದೆ ಯಾರ ಕೆಲಸ ಕೆಟ್ಟಿತು? ಕೆಳಗೆ ಬರೆಯಿರಿ, ಓದುತ್ತೇನೆ.