ಎಡಗೈ ಕಾಜ

ಆ ಊರಿನ ದರ್ಜಿಗಳಲ್ಲಿ ಅವನಷ್ಟು ಚೆನ್ನಾಗಿ ಹೊಲಿಯುವವನು ಇನ್ನೊಬ್ಬನಿರಲಿಲ್ಲ; ಆ ಮಾತನ್ನು ಅವನಷ್ಟು ಸಲ ಹೇಳುವವನೂ ಇರಲಿಲ್ಲ. ಬೇರೆ ಕಡೆ ಹೊಲಿಸಿದ ಅಂಗಿ ತೊಟ್ಟು ಯಾರಾದರೂ ಅಂಗಡಿ ಮುಂದೆ ಹಾದರೆ ಕರೆದು ನಿಲ್ಲಿಸಿ, ಕಂಕುಳ ಬಳಿಯ ಸುಕ್ಕು ಹಿಡಿದೆಳೆದು, "ಯಾರಪ್ಪಾ ಇದನ್ನ ಹೊಲಿದಿದ್ದು, ಗೋಣಿಚೀಲ ಹೊಲಿಯೋರಾ?" ಎನ್ನುತ್ತಿದ್ದ. ಹೆಂಡತಿ ಒಳಗಿನಿಂದಲೇ ಹಣೆ ಚಚ್ಚಿಕೊಳ್ಳುತ್ತಿದ್ದಳು. ಕೈ ಹಿಡಿತದಲ್ಲಿದ್ದಷ್ಟು ಬಾಯಿ ಅವನ ಹಿಡಿತದಲ್ಲಿರಲಿಲ್ಲ.

ಯುದ್ಧದ ಎರಡನೇ ವರ್ಷ ಊರಾಚೆಯ ಹಾಳುಬಿದ್ದ ಇಟ್ಟಿಗೆ ಕಾರ್ಖಾನೆಗೆ ಮುಳ್ಳುತಂತಿ ಸುತ್ತಿ, ಸೆರೆಸಿಕ್ಕ ಶತ್ರು ಸೈನಿಕರನ್ನು ತಂದು ಕೂಡಿಹಾಕಿದರು. ಕಾವಲಿನ ಸಿಪಾಯಿಗಳ ಸಮವಸ್ತ್ರ ಹೊಲಿಯುವ ಕೆಲಸ ದರ್ಜಿಗೆ ಬಂತು. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಅವನು ಗೊಣಗಿದ್ದಕ್ಕೆ, ಹೊಲಿಗೆ ಬಲ್ಲ ಒಬ್ಬ ಸೆರೆಯಾಳನ್ನು ದಿನಾ ಬೆಳಿಗ್ಗೆ ಸಿಪಾಯಿಯ ಕಾವಲಿನಲ್ಲಿ ಅಂಗಡಿಗೆ ಕಳಿಸತೊಡಗಿದರು. ಸೆರೆಯಾಳು ತೆಳ್ಳಗಿನ ಮನುಷ್ಯ, ಎಡಗೈಯಲ್ಲಿ ಸೂಜಿ ಹಿಡಿಯುವವನು. ದರ್ಜಿ ಅವನನ್ನು ಎಡಚ ಎಂದೇ ಕರೆದ. ಅವನೂ ಓಗೊಟ್ಟ.

ಮೊದಲ ವಾರ ದರ್ಜಿ ಮುಖ ಗಂಟಿಕ್ಕಿಕೊಂಡೇ ಇದ್ದ. ಆಮೇಲೆ ಎಡಚ ಹಾಕಿದ ಕಾಜ ಕಣ್ಣಿಗೆ ಬಿತ್ತು. ಗುಂಡಿ ತೂರಿಸುವ ಆ ಸಣ್ಣ ಕಣ್ಣಿನ ಅಂಚಿಗೆ ದಾರ ಸುತ್ತುವಾಗ ಒಳ್ಳೊಳ್ಳೆಯ ಕೈಗಳೂ ಎಡವುತ್ತವೆ. ಇವನದು ಅಕ್ಕಿಕಾಳು ಜೋಡಿಸಿಟ್ಟಂತೆ ಒಂದೇ ಸಮ. ಎಡಗೈಯಾದ್ದರಿಂದ ಗಂಟುಗಳೆಲ್ಲ ತಿರುವುಮುರುವಾಗಿ ಕೂತಿರುತ್ತಿದ್ದವು. ದರ್ಜಿ ಭೂತಗನ್ನಡಿ ಹಿಡಿದು ನೋಡಿದ, ಹೊಟ್ಟೆ ಉರಿದುಕೊಂಡ, ಕೊನೆಗೆ ಮನಸೋತ. ಅಂದಿನಿಂದ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಡತೊಡಗಿದ. ದಪ್ಪ ಬಟ್ಟೆಯನ್ನು ಅದರ ಮೇಲಿನ ನವಿರು ಜುಂಗು ಯಾವ ಕಡೆ ಮಲಗಿದೆಯೋ ಆ ಕಡೆಗೇ ಕತ್ತರಿಸಿ ಕೂಡಿಸಿದರೆ ಜೋಡಣೆ ಕಾಣುವುದೇ ಇಲ್ಲ ಎಂಬ ಗುಟ್ಟನ್ನು ಸ್ವಂತ ತಮ್ಮನಿಗೂ ಹೇಳಿರಲಿಲ್ಲ, ಎಡಚನಿಗೆ ಹೇಳಿದ. ಎಂಟು ತಿಂಗಳು ಇಬ್ಬರೂ ಒಂದೇ ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತು ಹೊಲಿದರು. ಎಡಚ ಹರಕುಮುರುಕು ಮಾತು ಕಲಿತು ಅವನನ್ನು "ಮೇಷ್ಟ್ರೇ" ಎನ್ನುತ್ತಿದ್ದ.

ಒಂದು ದಿನ ಹಾಡಹಗಲೇ ಮೂವರು ಸೆರೆಯಾಳುಗಳು ಶಿಬಿರದ ಮುಂಬಾಗಿಲಿನಿಂದ ಹೊರನಡೆದರು. ಮೂವರ ಮೈಮೇಲೂ ಕೋಟು, ಒಬ್ಬನ ಕೈಯಲ್ಲಿ ಕಾಗದದ ಕಟ್ಟು. ಯಾರೋ ಇಲಾಖೆಯವರಿರಬೇಕೆಂದು ಕಾವಲಿನವನು ಸಲಾಮು ಬೇರೆ ಹೊಡೆದನಂತೆ! ಊರೆಲ್ಲ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಿತು. ಎಡಚ ಓಡಿಹೋಗಿರಲಿಲ್ಲ. ಆದರೆ ಅವತ್ತಿನಿಂದ ಯಾವ ಸೆರೆಯಾಳನ್ನೂ ಹೊರಗೆ ಬಿಡಲಿಲ್ಲ.

ಮೂರನೆಯ ದಿನ ಶಿಬಿರದ ಅಧಿಕಾರಿ ಅಂಗಡಿಗೆ ಬಂದ. ರೈಲು ನಿಲ್ದಾಣದಲ್ಲಿ ಸಿಕ್ಕಿದ ಒಂದು ಕೋಟನ್ನು ಮೇಜಿನ ಮೇಲೆ ಎಸೆದು ಕೇಳಿದ, "ಈ ಬಟ್ಟೆ ನಿಮ್ಮ ಅಂಗಡೀದಾ?"

"ಅಲ್ಲ ಸ್ವಾಮಿ. ಇದು ನಿಮ್ಮ ಶಿಬಿರದ ಕಂಬಳಿ. ಬಣ್ಣ ಹಾಕಿದಾರೆ."

ಮಾತು ಅಲ್ಲಿಗೆ ಮುಗಿದಿತ್ತು. ಅಧಿಕಾರಿ ಕೋಟನ್ನು ಮುದುರುತ್ತಾ, "ಹಾಗಾದ್ರೆ ಯಾವನೋ ಸೂಜಿ ಹಿಡಿಯೋಕೂ ಬರದವನು ಗೀಚಿ ಹಾಕಿದಾನೆ" ಎಂದ.

ದರ್ಜಿಗೆ ಮೈಯೆಲ್ಲ ಉರಿಯಿತು.

"ಬರದವನಾ? ಸ್ವಾಮಿ, ಬೆನ್ನಲ್ಲಿ ನಾಲ್ಕು ತುಂಡು ಕೂಡಿಸಿದಾನೆ, ಎಲ್ಲಿ ಅಂತ ತೋರಿಸಿ ನೋಡೋಣ! ಈ ಕಾಜ ನೋಡಿ. ಗಂಟು ಹೇಗೆ ತಿರುಗಿ ಕೂತಿದೆ ನೋಡಿ. ಇದು ಎಡಗೈಯವನ..."

ಅಲ್ಲಿ ನಾಲಗೆ ನಿಂತಿತು. ಅಷ್ಟರಲ್ಲಿ ಹೇಳಬಾರದ್ದೆಲ್ಲ ಹೇಳಿ ಆಗಿತ್ತು. ಅಧಿಕಾರಿ ಕೋಟನ್ನು ನಿಧಾನವಾಗಿ ಮಡಿಸಿ, ಥ್ಯಾಂಕ್ಸ್ ಹೇಳಿ ಹೋದ. ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ಬೈಯಲೂ ಇಲ್ಲ. "ರೀ, ಏನ್ ಮಾಡಿಬಿಟ್ರಿ" ಎಂದಳು, ಅಷ್ಟೇ.

ಎಡಚನನ್ನು ದೂರದ ಕಲ್ಲುಗಣಿಯ ಶಿಬಿರಕ್ಕೆ ಸಾಗಿಸಿದರು. ಅವನು ಅಲ್ಲೇ ಜ್ವರ ಬಂದು ಸತ್ತನೆಂದು ಸಿಪಾಯಿಯೊಬ್ಬ ಪ್ಯಾಂಟು ಬಿಗಿ ಮಾಡಿಸಿಕೊಳ್ಳಲು ಬಂದಾಗ ಹೇಳಿದ. ದರ್ಜಿ ಅವತ್ತು ಅಳತೆಯನ್ನು ಎರಡು ಸಲ ತಪ್ಪು ತೆಗೆದ. ಆಮೇಲೆ ದಾರಿಹೋಕರ ಅಂಗಿ ಹಿಡಿದೆಳೆಯುವುದನ್ನು ಬಿಟ್ಟ. ಯಾರಾದರೂ ಅವನ ಹೊಲಿಗೆಯನ್ನು ಹೊಗಳಿದರೆ ತಲೆ ತಗ್ಗಿಸುತ್ತಿದ್ದ. ಎಷ್ಟು ವಿನಯ ಬಂತಪ್ಪ ಇವನಿಗೆ ಎಂದು ಊರವರು ಮೆಚ್ಚಿಕೊಂಡರು. ಆ ಮೆಚ್ಚುಗೆ ಅವನಿಗೆ ಚಪ್ಪಲಿಯಲ್ಲಿ ಹೊಡೆದಂತಾಗುತ್ತಿತ್ತು. ವಿನಯವಲ್ಲ, ನಾಚಿಕೆ ಎಂದು ಹೇಳುವ ಧೈರ್ಯವಿರಲಿಲ್ಲ. ಅಂದು ಚಿಕ್ಕವಳಾಗಿದ್ದ ಮಗಳಿಗೂ ಹೇಳಲಿಲ್ಲ.

ಯುದ್ಧ ಮುಗಿದು ಆರು ವರ್ಷಕ್ಕೆ ಒಬ್ಬ ಪರದೇಶದವನು ವಿಳಾಸ ಹುಡುಕಿಕೊಂಡು ಬಂದ. ಪಾರಾಗಿ ಹೋದ ಮೂವರಲ್ಲಿ ಒಬ್ಬ. ಈ ಕಡೆಯ ಮಾತನ್ನು ಚೆನ್ನಾಗಿಯೇ ಕಲಿತಿದ್ದ. ಮಗಳು ಕಾಫಿ ತಂದಿಟ್ಟಳು.

"ನಾವು ಮೂರೂ ಜನ ಮನೆ ಸೇರಿದ್ವಿ," ಎಂದ ಅವನು. "ನಿಮಗೆ ಕೈ ಮುಗಿದು ಹೋಗೋಣ ಅಂತ ಬಂದೆ. ಕೋಟು ಸಿಕ್ಕಿಬಿದ್ರೆ ನಿನ್ನ ಗತಿ ಏನು ಅಂತ ಅವನನ್ನ ಕೇಳಿದ್ವಿ. ಅದಕ್ಕವನು, 'ನನ್ನ ಕೈ ಗುರುತು ಹಿಡಿಯೋರು ಈ ಊರಲ್ಲಿ ಒಬ್ಬರೇ, ನಮ್ಮ ಮೇಷ್ಟ್ರು. ಅವರು ಬಾಯಿ ಬಿಡಲ್ಲ' ಅಂದ. ಆಮೇಲೆ ಶಿಬಿರದೊಳಗಿನ ಯಾವನೋ ಅವನನ್ನ ಹಿಡಿದುಕೊಟ್ಟನಂತೆ."

ಮಗಳು ಹೆಮ್ಮೆಯಿಂದ ಅಪ್ಪನ ಕಡೆ ತಿರುಗಿದಳು. ಹೆಂಡತಿ ನೆಲ ನೋಡುತ್ತಿದ್ದಳು. ಸುಮ್ಮನಿದ್ದರೆ ಸಾಕಿತ್ತು, ಎಲ್ಲವೂ ಸಲೀಸಾಗಿ ದಾಟಿಹೋಗುತ್ತಿತ್ತು. ಸುಮ್ಮನಿರಬೇಕಾದಾಗ ಇರಲಾಗದ ಮನುಷ್ಯನಿಗೆ ಈಗ ಬಾಯಿ ತೆರೆಯುವುದೇ ಕಷ್ಟವಾಯಿತು.

"ಶಿಬಿರದವರಲ್ಲ," ಎಂದ ಕೊನೆಗೆ. "ಹೇಳಿದ್ದು ನಾನು."

ಬಂದವನು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ, "ತುಂಬಾ ಹೊಡೆದ್ರಾ?" ಎಂದು ಕೇಳಿದ. ಹೌದೆಂದರೆ ಕ್ಷಮಿಸಿಬಿಡುವ ದನಿ ಅದು. ಹೌದು ಅನ್ನಪ್ಪಾ ಎಂಬಂತೆ ಮಗಳೂ ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ," ಎಂದ ದರ್ಜಿ. "ಒಂದು ಮಾತೂ ಬೈಲಿಲ್ಲ. ಬಟ್ಟೆ ಎಲ್ಲೀದು ಅಂತ ಮಾತ್ರ ಕೇಳಿದ್ರು. ಹೊಲಿದಿದ್ದು ಯಾರು ಅಂತ ನನ್ನನ್ನ ಯಾರೂ ಕೇಳಿರ್ಲಿಲ್ಲ."