ಮೊದಲು ಕಂಡ ಜಾಗವನ್ನೇ ಬರೆಯುತ್ತೇನೆ, ಗೌರಿ

ಇಲ್ಲ... ನಂಬುವುದಿಲ್ಲ.
ಬೆಳಗ್ಗೆ ಗ್ರೂಪಿನಲ್ಲಿ ಗೌರಿ ಹೋದಳು ಅಂತ ಮೆಸೇಜ್ ಬಂದಾಗ ಬೇರೆ ಯಾರೋ ಗೌರಿ ಅಂದುಕೊಂಡೆ.
ನಮ್ಮ ಗೌರಿಯೇ...
ಹುಣಸೂರಿನ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಸ್ಟ್ಯಾಟಿಸ್ಟಿಕ್ಸ್ ಮೇಡಂ.
ಓತಿಕ್ಯಾತದ ಮೇಡಂ ಅಂದರೆ ನಿಮಗೆಲ್ಲ ಬೇಗ ಗೊತ್ತಾಗುತ್ತದೆ.

ಅಳು ಆಮೇಲೆ. ಈಗ ಸಿಟ್ಟು ಬಂದಿದೆ.
ಅವಳ ಆಸ್ಪತ್ರೆ ಫೋಟೋ ಹಾಕಿದ್ದು ಯಾರು?
ಕೂದಲು ಉದುರಿದ ತಲೆ, ಮೂಗಿಗೆ ಪೈಪು...
ಕೆಳಗೆ "ಕ್ಯಾನ್ಸರ್‌ಗೆ ಸೋತ ಗೌರಿ ಮೇಡಂ" ಅಂತ ಬೇರೆ.
ಸಂಜೆ ಶ್ರದ್ಧಾಂಜಲಿ ಫ್ಲೆಕ್ಸಿಗೂ ಅದನ್ನೇ ಕೊಡುತ್ತಾರಂತೆ.
ಕೊಡಬೇಡಿ. ನಾನು ಬಿಡುವುದಿಲ್ಲ.

ಯಾಕೆ ಅಂತ ಕೇಳಿ.
ಓತಿಕ್ಯಾತ ಕೂರುವುದು ಎಲ್ಲಿ? ಕಲ್ಲಿನ ಮೇಲೋ, ಬೇಲಿ ಕಂಬದ ಮೇಲೋ, ಪೊದೆಯಲ್ಲೋ?
ಗಂಡಿಗೊಂದು ಜಾಗ, ಹೆಣ್ಣಿಗೊಂದು ಜಾಗ ಅಂತ ಇದೆಯಾ?
ಅಂತರಸಂತೆ ಕಡೆಯ ಹೊಲಗಳಲ್ಲಿ ವಿದ್ಯಾರ್ಥಿಗಳ ಜೊತೆ ನಾವು ನೋಡುತ್ತಿದ್ದದ್ದು ಇದನ್ನೇ.
ನಾನು ಪ್ರಾಣಿಶಾಸ್ತ್ರ. ಗಂಡೋ ಹೆಣ್ಣೋ ಗುರುತಿಸುವುದು ಹೇಳಿಕೊಡುತ್ತಿದ್ದೆ.
ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ಕೈ-ಸ್ಕ್ವೇರ್ ಲೆಕ್ಕ ಹಾಕಿ ನೋಡುವುದು ಅವಳ ಪಾಲು.

ಮೊದಲ ವರ್ಷ ಎಂಥ ರಿಸಲ್ಟು!
ಗಂಡೆಲ್ಲ ಕಂಬದ ತುದಿ, ಹೆಣ್ಣೆಲ್ಲ ಪೊದೆಯೊಳಗೆ. ಸ್ಟಾಫ್ ರೂಮಿನಲ್ಲಿ ಮೈಸೂರು ಪಾಕು ಹಂಚಿದ್ದೂ ಆಯಿತು.
ಮಾರನೇ ದಿನ ಹೊಲದಿಂದ ಮುಖ ಕೆಂಪು ಮಾಡಿಕೊಂಡು ಬಂದಳು.
ನಮ್ಮ ಹುಡುಗರ ಸದ್ದಿಗೆ ಗಂಡು ಓಡಿ ಕಂಬ ಹತ್ತುತ್ತಿತ್ತು, ಹೆಣ್ಣು ಪೊದೆಗೆ ನುಗ್ಗುತ್ತಿತ್ತು. ಅವರು ಬರೆದದ್ದು ಓಡಿಹೋದ ಜಾಗವನ್ನು...
"ಎಲ್ಲಾ ಎಸೀಬೇಕು ಕಣೇ."
"ಇಷ್ಟ್ ಚೆನ್ನಾಗ್ ಬಂದದೆ, ಬುಡೇ ಅತ್ಲಾಗೆ" ಅಂದೆ ನಾನು.
"ನಮ್ಮುನ್ನ ಕಂಡು ಎದ್ರಿ ಅತ್ತಿರೋ ಕಂಬ ಅದು. ಅದ್ರ ಜಾಗ ಅಂತ ಎಂಗೇ ಬರೀತೀಯಾ? ಮೊದ್ಲು ಕಂಡ್ ಜಾಗ ಬರೀಬೇಕು!"
ಎಸೆದೇಬಿಟ್ಟಳು. ಮತ್ತೆ ಮೊದಲಿಂದ ಶುರು.
ಈ ಸಲ ಗಂಡೂ ಹೆಣ್ಣೂ ಬಿಸಿಲು ಬಿದ್ದ ಕಲ್ಲಿನ ಮೇಲೆಯೇ... ಕೈ-ಸ್ಕ್ವೇರ್ ಯಾವ ವ್ಯತ್ಯಾಸವನ್ನೂ ತೋರಿಸಲಿಲ್ಲ.
ಅವತ್ತು ಅವಳಿಗಾದ ಖುಷಿ ನೋಡಬೇಕಿತ್ತು ನೀವು.

ಲೇ ಗೌರಿ...
ನಿನಗೂ ಈಗ ಅದನ್ನೇ ಮಾಡುತ್ತಿದ್ದಾರೆ ಕಣೇ.
ಆ ಬೆಡ್ಡಿಗೆ ನಿನ್ನನ್ನು ಅಟ್ಟಿಕೊಂಡು ಹೋದದ್ದು ರೋಗ. ಅದು ನಿನ್ನ ಜಾಗ ಹೇಗಾಗುತ್ತದೆ?
ಸೋತಳಂತೆ... ಬರೆದವರು ಬಂದು ನನ್ನ ಮುಂದೆ ಹೇಳಲಿ.

ನಾನು ನಿನ್ನನ್ನು ಮೊದಲು ಕಂಡದ್ದು ಕಾಲೇಜಿನ ಕಾಂಪೌಂಡ್ ಗೋಡೆಯ ಮೇಲೆ.
ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಸಿಲಿಗೆ ಕಾಲು ಇಳಿಬಿಟ್ಟು, ಕಡ್ಲೆಕಾಯಿ ತಿನ್ನುತ್ತಿದ್ದೆ.
"ಮೇಡಂ, ಇಳೀರಿ ಕೆಳಗೆ" ಅಂತ ಪ್ರಿನ್ಸಿಪಾಲರು ಕೂಗಿದರು.
"ಬತ್ತೀನಿ ಸಾರ್, ತಿಂದ್ ಮುಗೀಲಿ!"

ಅದೇ ಗೋಡೆಯ ಮೇಲೆ ಕೂತ ನಿನ್ನ ಫೋಟೋ ನನ್ನ ಫೋನಿನಲ್ಲಿದೆ.
ಫ್ಲೆಕ್ಸ್ ಅಂಗಡಿಗೆ ಹೊರಟಿದ್ದೇನೆ.
ಆಸ್ಪತ್ರೆ ಫೋಟೋ ಹಾಕಿದವರು ನಾನು ತಲುಪುವಷ್ಟರಲ್ಲಿ ತೆಗೆದುಬಿಡಿ.

ಹೋಗಿ ಬಾ ಗೌರಿ...
ನಿನ್ನ ಆತ್ಮಕ್ಕೆ ಶಾಂತಿ ಸಿಗಲಿ, ಯಾರೂ ಬಂದು ಓಡಿಸದ ಬಿಸಿಲುಗೋಡೆಯ ಮೇಲೆ.